ಇನೋಮ್‌ಜಾನರ ಕೆಂಪಿನಲ್ಲಿ ಕಂಡ ನೇರಳೆ

ರೇಷ್ಮೆಗೆ ಹೆಸರಾದ ನಮ್ಮ ಮರ್ಗಿಲಾನಿನಲ್ಲಿ ಕೆಂಪು ಬಣ್ಣದ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಇನ್ನೂ ಹುಟ್ಟಿಲ್ಲ. ರೊಟ್ಟಿ ಸುಡುವವನನ್ನು ಕೇಳಿ, ಮಂಜಿಷ್ಠದ ಬೇರನ್ನು ಎಷ್ಟು ಹೊತ್ತು ನೆನೆಹಾಕಬೇಕೆಂದು ಹೇಳುತ್ತಾನೆ. ಹಲ್ಲಿನ ಡಾಕ್ಟರನ್ನು ಕೇಳಿ, ಪಟಿಕ ಜಾಸ್ತಿಯಾದರೆ ರೇಷ್ಮೆ ಒರಟಾಗುತ್ತದೆ ಎನ್ನುತ್ತಾರೆ. ಇಂಥ ಊರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ, ಬಣ್ಣದ ವಿಷಯದಲ್ಲಿ ಕೊನೆಯ ಮಾತು ಅವಳದೇ ಎನಿಸಿಕೊಂಡವಳು ನಾನು, ಕರೋಮತ್. ಜಂಬ ಅನ್ನಿ, ಬೇಜಾರಿಲ್ಲ. ಇರುವ ಜಂಬವನ್ನು ಇಲ್ಲ ಎನ್ನುವುದು ನನಗೆ ಬರುವುದಿಲ್ಲ.

ಆ ವರ್ಷ ವಸಂತದಲ್ಲಿ ಬಣ್ಣಗಾರರ ಸಂಘದವರು ನನ್ನ ಪ್ರಯೋಗಾಲಯದ ಮೆಟ್ಟಿಲು ಹತ್ತಿದರು. ಬಜಾರಿಗೆ ಯಾವುದೋ ಅಗ್ಗದ ಕೆಂಪು ಪುಡಿ ಬಂದಿತ್ತು. ಒಂದು ಚಿಟಿಕೆ ಹಾಕಿದರೆ ಅರ್ಧ ತಾಸಿನಲ್ಲಿ ಕಣ್ಣು ಕುಕ್ಕುವ ರೇಷ್ಮೆ ತಯಾರು. ಅದನ್ನು ಬೆರೆಸಿ ಕೆಲವರು ಬೇರಿನ ಬಣ್ಣವೆಂದೇ ಮಾರುತ್ತಿದ್ದಾರೆಂದು ಊರೆಲ್ಲ ಗುಲ್ಲೆದ್ದಿತ್ತು. ಆದ್ದರಿಂದ ಸಂಘ ಒಂದು ಮುದ್ರೆ ಮಾಡಿಸಿತು. ‘ಶುದ್ಧ ಬಣ್ಣ’ ಎಂಬ ಆ ಮುದ್ರೆ ಯಾರಿಗೆ ಸಲ್ಲುತ್ತದೆ, ಯಾರಿಗೆ ಇಲ್ಲ ಎಂಬುದನ್ನು ನಾನು ಪರೀಕ್ಷೆ ಮಾಡಿ ಹೇಳಬೇಕು. ಈ ಸಲ ಕೆಂಪನ್ನು ಮಾತ್ರ ನೋಡುವುದೆಂದು ಸಂಘದ ಅಧ್ಯಕ್ಷ ತೋಯಿರ್ ಹೇಳಿದರು. ಅವರನ್ನು ಊರಿನಲ್ಲಿ ಎಲ್ಲರೂ ರಯೀಸ್, ಅಂದರೆ ಅಧ್ಯಕ್ಷರು, ಎಂದೇ ಕರೆಯುವುದು. ಮೊದಲು ಅಂಚೆ ಕಚೇರಿಯಲ್ಲಿದ್ದವರು, ನಿವೃತ್ತಿಯಾದ ಮೇಲೂ ಅಂಗಿಯ ಜೇಬಿನಲ್ಲಿ ಪೆನ್ಸಿಲ್ ಇಲ್ಲದೆ ಹೊರಗೆ ಹೆಜ್ಜೆ ಇಟ್ಟವರಲ್ಲ.

ಆರು ಜನ ದಾರದ ಲಡಿ ತಂದುಕೊಟ್ಟರು. ಆರನೆಯವರು ಉಸ್ತಾ ಇನೋಮ್‌ಜಾನ್. ಉಸ್ತಾ ಎಂದರೆ ಕಸುಬಿನ ಗುರು. ಊರಿನಲ್ಲಿ ಉಸ್ತಾಗಳು ಇಪ್ಪತ್ತು ಜನ ಇದ್ದಾರು, ಆದರೆ ಹೆಸರು ಹೇಳದೆ ಬರೀ ‘ಉಸ್ತಾ’ ಎಂದರೆ ಅದು ಇವರೇ. ಎಪ್ಪತ್ತೊಂದು ವಯಸ್ಸು. ಮೊಣಕೈವರೆಗೆ ಬಣ್ಣ ಇಳಿದು, ತೊಳೆದರೂ ಹೋಗದೆ, ಅದೇ ಚರ್ಮವಾಗಿಬಿಟ್ಟಿತ್ತು. ನಮ್ಮ ಬೀದಿಯವರೇ, ನನ್ನನ್ನು ಚಿಕ್ಕಂದಿನಿಂದ ನೋಡಿದವರು.

“ಏನು ತಂಗಿ, ಐದು ತಲೆಮಾರಿನ ಕೆಂಪನ್ನ ಈ ಉಪ್ಪಿನಕಾಯಿ ಬಾಟ್ಲಿಯಲ್ಲಿ ಹಾಕಿ ನೋಡ್ತೀಯಂತೆ?” ಎಂದರು ಬಂದವರೇ.

ಅದು ನಿಜಕ್ಕೂ ಸೌತೆಕಾಯಿ ಉಪ್ಪಿನಕಾಯಿಯ ಬಾಟಲಿಯೇ. ಕಾಲೇಜು ಕೊಟ್ಟ ಗಾಜಿನ ತೊಟ್ಟಿ ಒಡೆದು ಹನ್ನೆರಡು ವರ್ಷವಾಗಿತ್ತು.

“ನಿಮ್ಮ ಕೆಂಪು ಒಂದೇ ಬಣ್ಣ ಅಂದ್ಕೊಂಡಿದೀರಾ ಉಸ್ತಾ? ಅದೊಂದು ಸಂಸಾರ. ಒಳಗೆ ಮೂರು ನಾಲ್ಕು ಜನ ಇದಾರೆ. ನಾನು ಒಬ್ಬೊಬ್ಬರನ್ನೇ ಆಚೆ ಕರೀತೀನಿ.”

“ನೀನು ಕರೆದ್ರೆ ಬಂದ್ಬಿಡ್ತಾರಾ?”

“ಬರೋ ಹಾಗೆ ಮಾಡ್ತೀನಿ. ಈಗ ಹೇಳಿ, ಬಜಾರಿನ ಈ ತುದಿಯಿಂದ ಆ ತುದಿಗೆ ಹೋಗೋಕೆ ನಿಮಗೆ ಎಷ್ಟು ಹೊತ್ತು ಬೇಕು?”

“ಹತ್ತು ನಿಮಿಷ. ನನಗೆ ಯಾರ ಹತ್ರಾನೂ ಮಾತಿಲ್ಲ.”

“ನಿಮ್ಮ ಮನೆಯವ್ರಿಗೆ?”

ಅವರ ಹೆಂಡತಿ ಅಂಜಿರತ್ ನಮ್ಮ ಬೀದಿಯ ನಾಲಿಗೆ. ಉಸ್ತಾ ನಕ್ಕುಬಿಟ್ಟರು.

“ಅವಳಾ! ಬೆಳಿಗ್ಗೆ ಹೋದ್ರೆ ಮಧ್ಯಾಹ್ನದ ಊಟಕ್ಕೆ ಬರ್ತಾಳೆ. ಈರುಳ್ಳಿ ಮಾರೋಳ ಹತ್ರ ಅರ್ಧ ಗಂಟೆ, ರೊಟ್ಟಿ ಮಾರೋಳ ಹತ್ರ ಒಂದು ಗಂಟೆ.”

“ಅಷ್ಟೇ ವಿಷಯ. ಈ ಬಿಳಿ ಪುಡಿ ಸವರಿದ ತಗಡು ಇದೆಯಲ್ಲ, ಇದು ಬಜಾರು. ಬಾಟ್ಲಿ ತಳದಲ್ಲಿರೋ ದ್ರವ ಜನಜಂಗುಳಿ, ಎಲ್ಲರನ್ನೂ ತಳ್ಕೊಂಡು ಮೇಲಕ್ಕೆ ಹೋಗತ್ತೆ. ಕೆಳಗೆ ನಿಮ್ಮ ದಾರದಿಂದ ಬಿಡಿಸಿದ ಕೆಂಪಿನ ಒಂದು ಹನಿ ಇಡ್ತೀನಿ. ಬಿಳಿ ಪುಡಿ ಜೊತೆ ಸ್ನೇಹ ಇರೋ ಬಣ್ಣ ಅಲ್ಲಲ್ಲೇ ನಿಂತು ಹಿಂದೆ ಬೀಳತ್ತೆ. ದ್ರವದ ಜೊತೆ ಸ್ನೇಹ ಇರೋದು ಮುಂದೆ ಓಡತ್ತೆ. ಒಟ್ಟಿಗೆ ಹೊರಟೋರು ಬೇರೆ ಬೇರೆ ಜಾಗದಲ್ಲಿ ನಿಲ್ತಾರೆ. ಯಾವ ಬಣ್ಣ ಎಲ್ಲಿ ನಿಲ್ಲತ್ತೆ ಅಂತ ನನಗೆ ಗೊತ್ತು.”

“ಇದಕ್ಕೊಂದು ಹೆಸರೂ ಇರ್ಬೇಕಲ್ಲ?”

“ಕ್ರೊಮ್ಯಾಟೋಗ್ರಫಿ.”

“ಅಯ್ಯೋ, ಅದಕ್ಕಿಂತ ಅಂಜಿರತ್‌ನ ಬಜಾರು ಅನ್ನೋದೇ ಚೆಂದ,” ಎಂದು ಉಸ್ತಾ ಲಡಿಯನ್ನು ಮೇಜಿನ ಮೇಲಿಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತರು. ಮುಖದಲ್ಲಿ ನಗು ಇರಲಿಲ್ಲ. “ಅಕಸ್ಮಾತ್ ನನ್ನ ಬೇರಿನಲ್ಲಿ ಇಲ್ಲದೋನು ಯಾರಾದ್ರೂ ಸಿಕ್ರೆ?”

“ಸಿಕ್ರೆ ಹೇಳ್ತೀನಿ.”

“ಹೇಳು. ನನ್ನ ಬಾನಿಗಳನ್ನ ನಾನೇ ಮಗುಚ್ತೀನಿ.”

ಅದು ನಮ್ಮ ಬಣ್ಣಗಾರರ ಬೀದಿಯ ಕಟ್ಟಳೆ. ಕಲಬೆರಕೆ ಸಾಬೀತಾದರೆ ಬೇರೆಯವರು ಕೈ ಹಾಕುವುದಿಲ್ಲ. ಆ ಮನುಷ್ಯನೇ ಬೀದಿಯವರ ಎದುರು ತನ್ನ ಬಣ್ಣದ ಬಾನಿಗಳನ್ನು ಮಗುಚಬೇಕು. ಆಮೇಲೆ ಯಾರೂ ಅವನನ್ನು ಉಸ್ತಾ ಎಂದು ಕರೆಯುವುದಿಲ್ಲ. ಹಾಗೆ ಮಗುಚಿದ್ದನ್ನು ನಾನು ಒಮ್ಮೆ ನೋಡಿದ್ದೆ, ಎಂಟು ವರ್ಷದವಳಿದ್ದಾಗ. ಆ ಮನುಷ್ಯ ಮರುವಾರವೇ ಊರು ಬಿಟ್ಟಿದ್ದ.

ನನ್ನ ವಿದ್ಯೆಗೂ ಕಟ್ಟಳೆಗಳಿವೆ. ಹನಿ ಇಡುವ ಗೆರೆಯನ್ನು ಸಾದಾ ಪೆನ್ಸಿಲಿನಲ್ಲೇ ಎಳೆಯಬೇಕು, ಶಾಯಿಯಲ್ಲಿ ಎಳೆಯಬಾರದು. ಶಾಯಿಯೂ ಬಣ್ಣವೇ, ದ್ರವ ಬಂದೊಡನೆ ಅದೂ ಎದ್ದು ನಡೆಯುತ್ತದೆ. ಗೊತ್ತಿರುವ ಬಣ್ಣ, ಗೊತ್ತಿಲ್ಲದ ಬಣ್ಣ ಎರಡನ್ನೂ ಒಂದೇ ತಗಡಿನ ಮೇಲೆ ಅಕ್ಕಪಕ್ಕ ಓಡಿಸಬೇಕು. ಬೇರೆ ಬೇರೆ ತಗಡಿನ ಮೇಲೆ ಓಡಿಸಿ ಹೋಲಿಸಿದರೆ ಅದು ಪರೀಕ್ಷೆಯಲ್ಲ, ಊಹೆ. ಇದನ್ನು ಮೂವತ್ತೊಂದು ವರ್ಷ ಮಕ್ಕಳ ತಲೆಗೆ ಕುಟ್ಟಿದ್ದೇನೆ. ಮರೆತವರ ಕಿವಿ ಹಿಂಡಿದ್ದೇನೆ.

ಪರೀಕ್ಷೆಯ ದಿನ ಆರೂ ಜನ ಬಂದು ಗೋಡೆಗೊರಗಿ ನಿಂತರು. ರಯೀಸ್ ನನ್ನ ಪಕ್ಕದಲ್ಲೇ ನಿಂತರು. ನನ್ನ ಅಂಗಳದಲ್ಲಿ ಅಗೆದ ಮಂಜಿಷ್ಠದ ಬೇರಿನ ಹನಿಯನ್ನು ಮೊದಲು ಇಟ್ಟೆ, ಅದರ ಸಾಲಿನಲ್ಲೇ ಐವರ ಕೆಂಪಿನ ಹನಿ ಇಟ್ಟೆ. ಐವರದೂ ಬೇರಿನ ಜೊತೆ ಹೆಜ್ಜೆ ಹೆಜ್ಜೆಗೂ ಹೊಂದಿತು. ಕಿತ್ತಳೆ ಬಣ್ಣದ ಒಂದು ಚುಕ್ಕೆ ಮೇಲೆ, ಗುಲಾಬಿಯ ಒಂದು ಚುಕ್ಕೆ ಅದರ ಕೆಳಗೆ. ಐವರ ಮುಖಗಳೂ ಅರಳಿದವು. ಉಸ್ತಾರ ಸರದಿ ಬಂದಾಗ ಉಳಿದಿದ್ದುದು ಬೆರಳಗಲದ ಒಂದು ತಗಡಿನ ಚೂರು. ಅದರಲ್ಲಿ ಒಂದೇ ಹನಿಗೆ ಜಾಗ.

ಬೀರುವಿನಲ್ಲಿ ಒಂದು ಇಡೀ ತಗಡು ಇತ್ತು. ಕಾಲೇಜಿನ ಮಕ್ಕಳ ಜೂನ್ ತಿಂಗಳ ಪರೀಕ್ಷೆಗೆಂದು ಎತ್ತಿಟ್ಟಿದ್ದೆ. ಅದನ್ನು ತೆಗೆಯಲು ಮನಸ್ಸಾಗಲಿಲ್ಲ. ಬೇರಿನ ಚುಕ್ಕೆಗಳು ಎಲ್ಲಿ ನಿಲ್ಲುತ್ತವೆಂದು ಈಗಷ್ಟೇ ನೋಡಿದ್ದೇನಲ್ಲ, ಮತ್ತೆ ಯಾಕೆ ಅಂದುಕೊಂಡೆ. ಅದು ಬರೀ ಜಿಪುಣತನ, ಅದಕ್ಕೆ ಬೇರೆ ಹೆಸರಿಡುವುದಿಲ್ಲ. ಅಷ್ಟರಲ್ಲಿ ನನ್ನ ಪೆನ್ಸಿಲಿನ ಮೊನೆ ಮುರಿಯಿತು. ರಯೀಸ್ ತಮ್ಮ ಜೇಬಿನ ಪೆನ್ಸಿಲ್ ಕೊಟ್ಟರು. ಬೂದು ಬಣ್ಣದ ಗೆರೆ ಎಳೆದೆ, ಹನಿ ಇಟ್ಟೆ, ಬಾಟಲಿಗೆ ಇಳಿಸಿ ಮುಚ್ಚಳ ಹಾಕಿದೆ.

ದ್ರವ ಮೇಲೇರಿತು. ಕಿತ್ತಳೆ ತನ್ನ ಜಾಗದಲ್ಲಿ ನಿಂತಿತು, ಗುಲಾಬಿಯೂ ತನ್ನ ಜಾಗದಲ್ಲಿ ನಿಂತಿತು. ಅವೆರಡರ ಕೆಳಗೆ, ಬಾಲ ಎಳೆದುಕೊಂಡು, ಇನ್ನೊಂದು ಎದ್ದಿತು. ಅಚ್ಚ ನೇರಳೆ.

“ಏನು ಒಪಾ ಅದು?” ಎಂದರು ರಯೀಸ್. ನಮ್ಮಲ್ಲಿ ಒಪಾ ಎಂದರೆ ಅಕ್ಕ. ನನಗಿಂತ ದೊಡ್ಡವರೂ ಟೀಚರೆಂಬ ಮರ್ಯಾದೆಗೆ ಹಾಗೆ ಕರೆಯುತ್ತಾರೆ.

“ಬೇರಿನದಲ್ಲ,” ಎಂದೆ. ಅಳತೆಪಟ್ಟಿ ಇಟ್ಟು ಅಳೆದೆ. ಇನ್ನೊಮ್ಮೆ ಅಳೆದೆ. ಆಮೇಲೆ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಉಸ್ತಾ, ನಿಮ್ಮ ಕೆಂಪಿನಲ್ಲಿ ಹೊರಗಿನ ಬಣ್ಣ ಇದೆ.”

ಅವರು ಹತ್ತಿರ ಬಂದು ಚೂರನ್ನು ಕಣ್ಣಿಗೆ ಹಿಡಿದು ನೋಡಿದರು.

“ಇದು ನನ್ನ ದಾರದಿಂದಾನೇ ಬಂತಾ?”

“ಹೌದು.”

“ನೀನೇ ನೋಡಿದೀಯಲ್ಲ?”

“ನಾನೇ ನೋಡಿದೀನಿ.”

“ಹಾಗಾದ್ರೆ ನಾಳೆ ಬೆಳಿಗ್ಗೆ ಮನೆ ಹತ್ರ ಬನ್ನಿ ಎಲ್ಲರೂ,” ಎಂದು ಚೂರನ್ನು ನನ್ನ ಕೈಗೆ ಕೊಟ್ಟು ಹೊರಟರು. ಜಗಳವಾಡಿದ್ದರೆ, ನಿನಗೇನು ಗೊತ್ತು ಎಂದು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಮಾತನ್ನು ಅವರು ನಂಬಿದರು. ನಾನು ತಪ್ಪು ಹೇಳುವವಳಲ್ಲ ಎಂದು ನಂಬಿದರು.

ಮರುದಿನ ಅವರ ಅಂಗಳದಲ್ಲಿ ಬೀದಿಯೆಲ್ಲ ನೆರೆದಿತ್ತು. ಹಿಪ್ಪುನೇರಳೆ ಮರದ ಕೆಳಗೆ ಕೆಂಪಿನ ಎರಡು ತಾಮ್ರದ ಹಂಡೆ, ಪಕ್ಕದಲ್ಲಿ ನೀಲಿಯ ಒಂದು ಮಣ್ಣಿನ ಬಾನಿ. ಅಂಜಿರತ್ ಬಾಗಿಲಲ್ಲೇ ಟೀ ಹಿಡಿದು ನಿಂತಿದ್ದರು. ನಮ್ಮಲ್ಲಿ ಶತ್ರು ಬಂದರೂ ಟೀ ಕೊಡದೆ ಒಳಗೆ ಬಿಡುವುದಿಲ್ಲ.

“ಬಾ ಕರೋಮತ್, ಬಾ. ಮೊದಲು ಟೀ ಕುಡಿ, ಆಮೇಲೆ ನಮ್ಮ ಮನೆ ಮುಳುಗಿಸು.”

“ನನಗೆ ಖುಷಿ ಅಂದ್ಕೊಂಡಿದೀರಾ?”

“ನಿನ್ನ ಖುಷಿ ಯಾರಿಗೆ ಬೇಕು? ಐವತ್ತು ವರ್ಷದಿಂದ ಅವ್ರ ಜೊತೆ ಬೇರು ಕುಟ್ಟಿದೀನಿ. ಈ ಕೈಯಲ್ಲಿ. ನಿನ್ನ ನೇರಳೆ ಯಾವ ಕಡೆಯಿಂದ ಬಂತು ಅಂತ ನನಗೆ ಹೇಳು, ಸಾಕು.”

ಟೀ ಹಿಡಿದು ಮರದ ಕೆಳಗೆ ನಿಂತೆ. ಉಸ್ತಾ ತೋಳು ಮಡಚಿ ಮೊದಲನೆಯ ಹಂಡೆಯ ಹಿಡಿಗೆ ಕೈ ಹಾಕಿದ್ದರು. ಮಗುಚುವ ಮೊದಲು ಸಾಕ್ಷಿಗಳ ಹೆಸರನ್ನು ಸಂಘದ ಪುಸ್ತಕದಲ್ಲಿ ಬರೆಯಬೇಕು. ರಯೀಸ್ ಪುಸ್ತಕ ಬಿಡಿಸಿದರು, ಜೇಬಿನಿಂದ ಪೆನ್ಸಿಲ್ ತೆಗೆದರು, ಮೊನೆಯನ್ನು ನಾಲಿಗೆಗೆ ತಾಗಿಸಿ ಒಂದು ಹೆಸರು ಬರೆದರು. ಮತ್ತೆ ತಾಗಿಸಿ ಇನ್ನೊಂದು ಬರೆದರು. ಮೂರನೆಯ ಹೆಸರು ಯಾರದೆಂದು ಕೇಳಲು ಅವರು ನನ್ನ ಕಡೆ ತಿರುಗಿದಾಗ, ಅವರ ಕೆಳತುಟಿ ನೇರಳೆಯಾಗಿತ್ತು.

ತಲೆಯ ಮೇಲಿನ ಮರ ಹಣ್ಣು ಬಿಡಲು ಇನ್ನೂ ಒಂದು ತಿಂಗಳಿತ್ತು, ಅದು ಹಣ್ಣಿನ ಬಣ್ಣವಲ್ಲ.

“ನಿಲ್ಲಿಸಿ!” ಎಂದು ಎಷ್ಟು ಜೋರಾಗಿ ಕಿರುಚಿದೆನೆಂದರೆ ಉಸ್ತಾರ ಕೈ ಹಿಡಿಯಿಂದ ಜಾರಿತು. “ರಯೀಸ್, ಆ ಪೆನ್ಸಿಲ್ ಕೊಡಿ.”

“ಯಾಕೆ ಒಪಾ, ನಾನು ಬರೀತಿದೀನಲ್ಲ?”

“ಕೊಡ್ರಿ ಅಂದೆ!”

ಬೆರಳನ್ನು ಟೀಯಲ್ಲಿ ಅದ್ದಿ ಮೊನೆಗೆ ಉಜ್ಜಿದೆ. ಬೆರಳು ನೇರಳೆಯಾಯಿತು. ಹಳೆಯ ಕಾಲದಲ್ಲಿ ಅಂಚೆ ಕಚೇರಿಗಳಲ್ಲಿ, ಬರೆದದ್ದನ್ನು ಯಾರೂ ಅಳಿಸಬಾರದೆಂದು ಇಡುತ್ತಿದ್ದ ಪೆನ್ಸಿಲ್ ಅದು. ಒಣಗಿದ್ದಾಗ ಸಾದಾ ಪೆನ್ಸಿಲಿನಂತೆಯೇ ಬೂದು. ಒದ್ದೆಯಾದರೆ ಒಳಗಿನ ಬಣ್ಣ ಹೊರಬರುತ್ತದೆ. ನಮ್ಮ ಅಪ್ಪಂದಿರೆಲ್ಲ ಅದನ್ನು ನಾಲಿಗೆಗೆ ತಾಗಿಸಿಯೇ ಬರೆದವರು. ನಮ್ಮ ವಯಸ್ಸಿನವರ ಮನೆಗಳಲ್ಲಿ ಅಂಥ ಒಂದಾದರೂ ಪೆನ್ಸಿಲ್ ಈಗಲೂ ಇದೆ. ಅದರಲ್ಲಿ ನಾನು ಗೆರೆ ಎಳೆದಿದ್ದೆ, ಆ ಗೆರೆಯ ಮೇಲೆ ಐದು ತಲೆಮಾರಿನ ಕೆಂಪನ್ನು ಇಟ್ಟಿದ್ದೆ.

ಒಂದು ಕ್ಷಣ ಕೆಟ್ಟ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಇಲ್ಲಿ ಯಾರಿಗೂ ಏನೂ ಅರ್ಥವಾಗಿಲ್ಲ. ಇನ್ನೊಮ್ಮೆ ನೋಡೋಣ, ಯಾಕೋ ಸಂಶಯ ಎಂದು ಗಂಭೀರವಾಗಿ ಹೇಳಿದರೆ ಸಾಕು, ನನ್ನ ಹೆಸರು ಉಳಿಯುತ್ತದೆ. ಆದರೆ ಎದುರಿಗೆ ಆ ಮನುಷ್ಯ ತೋಳು ಮಡಚಿ ನಿಂತಿದ್ದರು. ನನ್ನ ಒಂದು ಮಾತಿಗೆ ತಮ್ಮ ಹೆಸರನ್ನೇ ಮಗುಚಲು ಹೊರಟವರ ಮುಂದೆ ನಾನು ನನ್ನ ಹೆಸರು ಬಚ್ಚಿಡಲೇ? ನನಗೆ ಜಂಬವಿದೆ, ನಾಚಿಕೆಗೇಡಿತನವಿಲ್ಲ.

“ತಪ್ಪು ನನ್ನದು,” ಎಂದೆ. “ನೇರಳೆ ಉಸ್ತಾರ ದಾರದ್ದಲ್ಲ, ನಾನು ಎಳೆದ ಗೆರೆಯದ್ದು. ಪಕ್ಕದಲ್ಲಿ ಬೇರಿನ ಹನಿ ಇಟ್ಟಿದ್ರೆ ಅದರ ಕೆಳಗೂ ನೇರಳೆ ಬರ್ತಿತ್ತು, ಆಗಲೇ ಗೊತ್ತಾಗ್ತಿತ್ತು. ತಗಡು ಉಳಿಸೋಕೆ ಹೋಗಿ ಇಡಲಿಲ್ಲ.”

ಅಂಗಳದಲ್ಲಿ ಗುಜುಗುಜು ಎದ್ದಿತು. ರಯೀಸ್ ತುಟಿ ಒರೆಸಿಕೊಳ್ಳಲು ಹೋಗಿ ಗಡ್ಡಕ್ಕೂ ಹಚ್ಚಿಕೊಂಡರು. ಅಂಜಿರತ್ ಮಾತ್ರ ಕರಗಲಿಲ್ಲ.

“ಬಾಯಲ್ಲಿ ಹೇಳಿದ್ರೆ ಆಯ್ತಾ? ನಿನ್ನೆ ತಗಡು ತೋರಿಸಿ ಮಾನ ತೆಗೆದೆ. ಇವತ್ತೂ ತಗಡೇ ಹೇಳ್ಲಿ. ನಾಳೆ ಯಾರೋ ಬಂದು, ಪಕ್ಕದ ಮನೆಯೋಳು, ಪಾಪ ಅಂತ ಬಿಟ್ಳು ಅನ್ನಬಾರದು.”

ಆಕೆಯ ಮಾತು ನೂರಕ್ಕೆ ನೂರು ಸರಿ. ಕಾಲೇಜಿಗೆ ಓಡಿದೆ. ಐವತ್ತೇಳರ ವಯಸ್ಸಿನಲ್ಲಿ ನಿಜವಾಗಿಯೂ ಓಡಿದೆ. ಉಪ್ಪಿನಕಾಯಿ ಬಾಟಲಿ, ದ್ರವ, ಬೇರಿನ ರಸ, ನಿನ್ನೆಯ ಚೂರು, ಗಾಜಿನ ಸಣ್ಣ ಕೊಳವೆ, ಬೀರುವಿನಲ್ಲಿದ್ದ ಆ ಇಡೀ ತಗಡು ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ತಂದೆ. ಎಲ್ಲರ ಎದುರಿಗೆ ತಗಡನ್ನು ಎರಡು ತುಂಡು ಮಾಡಿದೆ. ನನ್ನ ಪೆನ್ಸಿಲನ್ನು ಕೆತ್ತಿ, ಮೊದಲು ಒದ್ದೆ ಬೆರಳಿಗೆ ಉಜ್ಜಿ ಬೂದು ಎಂದು ತೋರಿಸಿ, ಆಮೇಲೆ ಗೆರೆ ಎಳೆದೆ. ಒಂದು ಹನಿ ಬೇರಿನದು. ಪಕ್ಕದಲ್ಲಿ ಉಸ್ತಾರ ದಾರದ್ದು, ಲಡಿಯಿಂದ ಅವರೇ ಕತ್ತರಿಸಿ ಕೊಟ್ಟದ್ದು. ಅದರ ಪಕ್ಕದಲ್ಲಿ ರಯೀಸರ ಪೆನ್ಸಿಲಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಕೊನೆಗೆ ಒಂದು ಖಾಲಿ ಜಾಗ, ಬರೀ ಸ್ಪಿರಿಟ್ ಮುಟ್ಟಿಸಿದ್ದು.

“ಖಾಲಿ ಯಾಕೆ?” ಎಂದರು ಉಸ್ತಾ.

“ನನ್ನ ಮೇಲೆ ಕಾವಲಿಗೆ. ಅಲ್ಲಿ ಏನಾದ್ರೂ ಬಣ್ಣ ಎದ್ರೆ ಕೊಳೆ ನಂದು ಅಂತ.”

ಬಾಟಲಿಗೆ ಮುಚ್ಚಳ ಹಾಕಿದೆ. ಒಳಗೆಲ್ಲ ದ್ರವದ ಆವಿ ತುಂಬಿದ್ದರೆ ಮಾತ್ರ ಬಣ್ಣಗಳ ನಡಿಗೆ ಸಮನಾಗಿರುತ್ತದೆ. ಇಷ್ಟರಲ್ಲಿ ಯಾರೋ ಮುಚ್ಚಳಕ್ಕೆ ಕೈ ಹಾಕಿದರು. ಅಂಜಿರತ್ ಆ ಕೈಗೆ ಪಟ್ಟೆಂದು ಒಂದೇಟು ಬಿಟ್ಟರು.

“ಪಲೋವ್ ಹಬೆಗೆ ಇಟ್ಟಾಗ ಮುಚ್ಚಳ ತೆಗೀತೀಯೇನೋ ಮನೇಲಿ? ಸುಮ್ನೆ ನಿಂತ್ಕೋ!”

ಇಪ್ಪತ್ತು ನಿಮಿಷ ಒಂದು ಬೀದಿಗೆ ಬೀದಿಯೇ ಉಪ್ಪಿನಕಾಯಿ ಬಾಟಲಿಯನ್ನು ನೋಡುತ್ತಾ ನಿಂತಿತ್ತು. ಬಣ್ಣಗಳು ಹೊರಟವು. ಬೇರಿನ ಸಾಲಿನಲ್ಲಿ ಕಿತ್ತಳೆ, ಗುಲಾಬಿ. ಉಸ್ತಾರ ಸಾಲಿನಲ್ಲಿ ಕಿತ್ತಳೆ, ಗುಲಾಬಿ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಪೆನ್ಸಿಲಿನ ಸಾಲಿನಲ್ಲಿ ಬಾಲ ಎಳೆದುಕೊಂಡು ಅದೇ ನೇರಳೆ, ನಿನ್ನೆಯ ಚೂರನ್ನು ಪಕ್ಕಕ್ಕೆ ಹಿಡಿದರೆ ಅದೇ ಎತ್ತರದಲ್ಲಿ. ಖಾಲಿ ಜಾಗ ಖಾಲಿಯಾಗಿಯೇ ಇತ್ತು.

ತಗಡನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದೆ. ವಿವರಿಸುವ ಅಗತ್ಯ ಬೀಳಲಿಲ್ಲ. ಬಣ್ಣಗಾರರ ಬೀದಿಯ ಜನರಿಗೆ ಬಣ್ಣ ಓದುವುದನ್ನು ಹೇಳಿಕೊಡಬೇಕೇ? ಅಂಜಿರತ್ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, “ಟೀ ಆರಿಹೋಯ್ತು, ಬೇರೆ ತರ್ತೀನಿ,” ಎಂದು ಒಳಗೆ ಹೋದರು. ನಾನು ಸಂಘದ ಪುಸ್ತಕ ಎಳೆದುಕೊಂಡು, ‘ನಿನ್ನೆಯ ಪರೀಕ್ಷೆ ತಪ್ಪು, ತಪ್ಪು ಮಾಡಿದವಳು ಕರೋಮತ್’ ಎಂದು ಬರೆದು ಸಹಿ ಹಾಕಿದೆ. ನನ್ನ ವಿದ್ಯೆ ನನ್ನನ್ನೇ ಹಿಡಿದುಕೊಟ್ಟಿತು. ಹಿಡಿದುಕೊಡುವಂಥ ವಿದ್ಯೆಯನ್ನೇ ಕಲಿಸಿದ್ದೇನೆಂದು ಅವಮಾನದ ನಡುವೆಯೂ ಬೆನ್ನು ನೇರವಾಯಿತು.

ರಯೀಸ್ ಮುದ್ರೆಯ ಕಾಗದ ತೆಗೆದರು. “ಉಸ್ತಾ, ಕ್ಷಮಿಸ್ಬೇಕು. ಇಲ್ಲೇ ಹಾಕಿಕೊಟ್ಬಿಡ್ತೀನಿ.”

ಉಸ್ತಾ ಕಾಗದದ ಮೇಲೆ ಅಂಗೈ ಇಟ್ಟರು.

“ತಡಿ ತೋಯಿರ್. ತಂಗಿ, ಇನ್ನರ್ಧ ತಗಡು ಇದೆಯಲ್ಲ?”

“ಇದೆ. ಯಾಕೆ?”

“ನಿನ್ನೆ ಮನೆಗೆ ಬಂದು ಕೂತೆ. ಕೆಂಪು ನನ್ನದೇ, ಬೇರು ನಾನೇ ಅಗೆದದ್ದು. ನೀನು ಹೇಳಿದ್ರೂ ಒಳಗೆಲ್ಲೋ ಮನಸ್ಸು ಒಪ್ಪಲಿಲ್ಲ. ಆಗ ಒಂದು ಯೋಚನೆ ಬಂತು. ಕರೋಮತ್ ಕೆಂಪಿನ ಬದಲು ನೀಲಿ ಕೇಳಿದ್ರೆ?” ಅವರು ಮಣ್ಣಿನ ಬಾನಿಯ ಕಡೆ ತಿರುಗಿದರು. “ನೀಲಿ ನಾನು ಬೆಳೆಯೋದಲ್ಲ. ಹನ್ನೆರಡು ವರ್ಷದಿಂದ ಒಬ್ಬ ವ್ಯಾಪಾರಿ ಹತ್ರ ಪುಡಿ ತಗೋತೀನಿ. ಎಲೆಯಿಂದ ಮಾಡಿದ್ದು ಅಂತ ಅವನಂದ. ಹೌದು ಅಂತ ನಾನಂದೆ. ನನಗೆ ಗೊತ್ತಿಲ್ಲ ತಂಗಿ. ನೋಡು.”

“ಈ ವರ್ಷ ಕೆಂಪು ಮಾತ್ರ, ಉಸ್ತಾ,” ಎಂದರು ರಯೀಸ್ ಗಾಬರಿಯಿಂದ. “ನೀಲಿ ಯಾರು ಕೇಳಿದ್ರು? ಬಿಡಿ ಅದನ್ನ.”

“ನಿನ್ನ ಮುದ್ರೆ ಮೇಲೆ ಕೆಂಪು ಅಂತ ಬರ್ದಿದೆಯಾ?”

“ಇಲ್ಲ. ಶುದ್ಧ ಬಣ್ಣ ಅಂತಿದೆ.”

“ಹಾಗಾದ್ರೆ ನೋಡ್ಲಿ.”

ಹೋಲಿಸಲು ಗೊತ್ತಿರುವ ನೀಲಿ ಬೇಕೆಂದೆ. ಅಜ್ಜನ ಕಾಲದ, ಎಲೆಯಿಂದ ಮಾಡಿದ ನೀಲಿಯ ಗಟ್ಟಿಯೊಂದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿತ್ತು, ಅಂಜಿರತ್ ತಂದುಕೊಟ್ಟರು. ನೀಲಿ ಹಠಮಾರಿ, ಕೆಂಪು ಬಗ್ಗುವ ದ್ರವಕ್ಕೆ ಅದು ಬಗ್ಗುವುದಿಲ್ಲ. ಮತ್ತೆ ಕಾಲೇಜಿಗೆ ಹೋಗಿ ಬೇರೆ ಬಾಟಲಿ ತಂದೆ, ಈ ಸಲ ನಡೆದೇ ಹೋದೆ. ಅಜ್ಜನ ಗಟ್ಟಿಯದೊಂದು ಹನಿ, ವ್ಯಾಪಾರಿಯ ಪುಡಿಯದೊಂದು ಹನಿ, ಒಂದು ಖಾಲಿ ಜಾಗ. ಎಲೆಯಿಂದ ಮಾಡಿದ ನೀಲಿ ಎಂದೂ ಒಂಟಿಯಾಗಿ ಬರುವುದಿಲ್ಲ, ಅದರ ಜೊತೆ ಕೆಂಪು ಛಾಯೆಯ ತಮ್ಮನೊಬ್ಬ ಇದ್ದೇ ಇರುತ್ತಾನೆ. ಕಾರ್ಖಾನೆಯಲ್ಲಿ ಮಾಡಿದ ನೀಲಿಗೆ ಒಡಹುಟ್ಟಿದವರಿಲ್ಲ. ಇದನ್ನು ಮೊದಲೇ ಎಲ್ಲರಿಗೂ ಹೇಳಿದೆ, ಆಮೇಲೆ ಮಾತು ತಿರುಗಿಸಿದಳು ಅನ್ನಬಾರದೆಂದು.

ಅಜ್ಜನ ಸಾಲಿನಲ್ಲಿ ಇಬ್ಬರು ಎದ್ದು ನಿಂತರು. ವ್ಯಾಪಾರಿಯ ಸಾಲಿನಲ್ಲಿ ನೀಲಿ ಒಂದೇ. ಹನಿ ಕಡಿಮೆಯಾಯಿತೇನೋ ಎಂದು ತಗಡಿನ ಉಳಿದ ಅಂಚನ್ನು ಕತ್ತರಿಸಿ, ಅಜ್ಜನ ಹನಿಯ ಪಕ್ಕದಲ್ಲೇ ಮೂರು ಪಟ್ಟು ಹಾಕಿ ಮತ್ತೊಮ್ಮೆ ಓಡಿಸಿದೆ. ನೀಲಿ ಇನ್ನೂ ಗಾಢವಾಯಿತು. ಜೊತೆಗಾರ ಬರಲಿಲ್ಲ. ಈ ಸಲವಾದರೂ ನಾನು ತಪ್ಪಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ತಪ್ಪಿರಲಿಲ್ಲ.

“ಒಂಟಿ,” ಎಂದರು ಉಸ್ತಾ, ತಗಡು ನೋಡಿ.

“ಹೌದು ಉಸ್ತಾ.”

“ಮೊದಲಿಂದಾನೂ ಹೀಗೇನಾ?”

“ಅದನ್ನ ತಗಡು ಹೇಳಲ್ಲ. ಈಗ ಇರೋದು ಮಾತ್ರ ಹೇಳತ್ತೆ.”

ರಯೀಸ್ ಕಾಗದ ಹಿಡಿದು ನಿಂತೇ ಇದ್ದರು. “ಉಸ್ತಾ, ಮೋಸ ಮಾಡಿದ್ದು ವ್ಯಾಪಾರಿ. ನೀವಲ್ಲ. ನಿಮ್ಮ ಕೆಂಪು ಶುದ್ಧ ಅಂತ ಎಲ್ಲರೂ ನೋಡಿದಾರೆ.”

“ಬಟ್ಟೆ ಮಾರಿದ್ದು ವ್ಯಾಪಾರಿಯಾ? ನಾನು. ಒಳಗಿಡು ನಿನ್ನ ಕಾಗದ.”

ಅವರು ಕೆಂಪಿನ ಹಂಡೆಗಳನ್ನು ದಾಟಿ ನೀಲಿ ಬಾನಿಯ ಬಳಿ ಹೋದರು. ಅಂಚಿಗೆ ಎರಡೂ ಕೈ ಕೊಟ್ಟರು. ಬಾನಿ ಅಲುಗಲಿಲ್ಲ, ಭಾರವಿತ್ತು. ಅಂಜಿರತ್ ಬಂದು ಒಂದು ಬದಿ ಹಿಡಿದರು. ನಾನು ಇನ್ನೊಂದು ಬದಿ ಹಿಡಿದೆ. ಮೂವರೂ ಸೇರಿ ಮಗುಚಿದೆವು. ಹಸಿರು ಮಿಶ್ರಿತ ನೀರು ಅಂಗಳದ ತುಂಬ ಹರಿದು, ಗಾಳಿ ತಾಗಿದೊಡನೆ ನೀಲಿಯಾಗಿ, ಎಲ್ಲರ ಕಾಲಡಿ ಸುಳಿದು ಚರಂಡಿ ಸೇರಿತು.

“ಇನ್ಮೇಲೆ ಬರೀ ಇನೋಮ್‌ಜಾನ್ ಅನ್ನಿ,” ಎಂದರು ಅವರು ಜನರ ಕಡೆ ತಿರುಗಿ. ದನಿ ಗಟ್ಟಿಯಾಗಿಯೇ ಇತ್ತು.

ಬೀದಿಗೆಲ್ಲ ಹಿರಿಯರಾದ, ಕೋಲೂರಿಕೊಂಡು ಬಂದಿದ್ದ ಮುದುಕ ನೇಕಾರರೊಬ್ಬರು ತಮ್ಮ ನೀಲಿಯಾದ ಪಾದ ಎತ್ತಿ ನೋಡಿಕೊಂಡರು.

“ಸ್ವಲ್ಪ ಆಚೆ ಸರೀರಿ ಉಸ್ತಾ,” ಎಂದರು. “ನಾನು ಕೂತ್ಕೋಬೇಕು.”

ಆ ಕರೆಯನ್ನು ಯಾರೂ ತಿದ್ದಲಿಲ್ಲ. ಅಂಜಿರತ್ ಬಿಸಿ ಟೀ ತಂದು ಮೊದಲ ಬಟ್ಟಲನ್ನು ನನಗೇ ಕೊಟ್ಟರು. “ಕುಡಿ. ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ,” ಎಂದರು.

ಮರುದಿನ ಪ್ರಯೋಗಾಲಯದ ಬೀಗ ತೆಗೆಯಲು ಹೋದಾಗ ಬಾಗಿಲಲ್ಲಿ ಐವರು ನಿಂತಿದ್ದರು. ಕೆಂಪಿನ ಪರೀಕ್ಷೆಯಲ್ಲಿ ಗೆದ್ದು ಮುದ್ರೆ ಪಡೆದವರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪುಟ್ಟ ಪೊಟ್ಟಣ.

“ಏನು ಬೆಳಿಗ್ಗೆ ಬೆಳಿಗ್ಗೇನೇ?” ಎಂದೆ.

“ನೀಲಿ, ಒಪಾ,” ಎಂದ ಮುಂದೆ ನಿಂತಿದ್ದವನು. “ನಾವೂ ಆ ವ್ಯಾಪಾರಿ ಹತ್ರಾನೇ ತಗೊಳ್ಳೋದು.”

“ನಿಮಗೆ ಮುದ್ರೆ ಸಿಕ್ಕಾಯ್ತಲ್ಲ. ನಿಮ್ಮನ್ನ ಯಾರು ಕೇಳಿದ್ರು?”

ಬೀಗ ತೆಗೆದೆ. ಅವನು ಹಿಂದೆಯೇ ಒಳಗೆ ಬಂದು, ಅಂಗಿಯೊಳಗಿಂದ ಮುದ್ರೆಯ ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟ. ಉಳಿದ ನಾಲ್ವರೂ ಅದರ ಮೇಲೆ ತಮ್ಮ ತಮ್ಮದನ್ನು ಇಟ್ಟರು.

ಈ ಊರಿನವಳಾಗಿ ಹುಟ್ಟಿದ್ದಕ್ಕೆ ಅಷ್ಟು ಹೆಮ್ಮೆ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಹತ್ತಿ ಕೂರುತ್ತಾರೆ.

“ತಗಡು ಮುಗಿದಿದೆ,” ಎಂದೆ. “ಹೊಸದು ಬರೋಕೆ ಮೂರು ವಾರ ಆಗತ್ತೆ.”

“ಕಾಯ್ತೀವಿ,” ಎಂದರು. ಪೊಟ್ಟಣಗಳ ಮೇಲೆ ಹೆಸರು ಬರೆದು ಬೀರುವಿನಲ್ಲಿಟ್ಟೆ.